ಲಂಕೆಯ ಡಬ್ಬಿಗೆ ನಮ್ಮ ಸಕ್ಕರೆ

ನಮ್ಮ ಮನೆಯಲ್ಲಿ ಅಂಗೈ ಅಗಲದ ಒಂದು ಬೆತ್ತದ ಚಾಪೆಯಿದೆ. ದುಂಡಗಿನದು, ನಡುವೆ ಸಣ್ಣ ಸಣ್ಣ ಕಂಡಿ, ಒಂದು ಕಡೆ ಅಂಚು ಬಿಚ್ಚಿಕೊಂಡಿದೆ. ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಈಚೆಗೆ ಬಂದು ನೋಡುತ್ತೇನೆ, ನಮ್ಮ ಯಜಮಾನರು ಅದರ ಮೇಲೆ ಬಿಸಿ ಕಾಫಿಯ ಲೋಟ ಇಟ್ಟುಕೊಂಡು ನಿಶ್ಚಿಂತೆಯಿಂದ ಪೇಪರು ಓದುತ್ತಿದ್ದಾರೆ. "ಅದು ಲೋಟ ಇಡೋದಲ್ಲ ಕಣ್ರೀ, ಶಾವಿಗೆ ಬೇಯಿಸೋದು" ಎಂದೆ. "ಇಷ್ಟಗಲದಲ್ಲಿ ಯಾರ ಹೊಟ್ಟೆಗೆ ಶಾವಿಗೆ ಬೇಯತ್ತೆ, ಇಲಿಗಾ?" ಎಂದರು. ನೀವೇ ಹೇಳಿ, ಸಿಟ್ಟು ಬರದೆ ಇರುತ್ತದೆಯೇ? ಲೋಟ ಕಿತ್ತುಕೊಂಡು, ಚಾಪೆ ಒರೆಸಿ ಒಳಗಿಟ್ಟೆ. ಅರ್ಧ ಕುಡಿದ ಕಾಫಿ ನನ್ನ ಕೈಯಲ್ಲೇ ಉಳಿಯಿತು, ಅವರು ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ.

ಸಿಟ್ಟಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಧಾರಾಳಿ. ಹಾಸನದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮಕ್ಕಳು ನನಗಿಟ್ಟ ಅಡ್ಡಹೆಸರು ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ಆದರೆ ಆ ಚಾಪೆ ಕೈಗೆ ಬಂದ ಆರು ತಿಂಗಳಲ್ಲಿ ಪಟ್ಟಷ್ಟು ಸಿಟ್ಟನ್ನು ಇಡೀ ಸರ್ವೀಸಿನಲ್ಲಿ ಪಟ್ಟಿಲ್ಲ. ಹೋಗಿದ್ದು ಅಮೆರಿಕಾಕ್ಕೆ. ಊರಿನವರೆಲ್ಲ ಸೇತುವೆ ನೋಡಿಬಾ, ಸಮುದ್ರ ನೋಡಿಬಾ, ಪಿಜ್ಜಾ ಅನ್ನೋದು ಹೇಗಿರುತ್ತೆ ತಿಂದುನೋಡಿ ಹೇಳು ಎಂದು ಕಳಿಸಿಕೊಟ್ಟಿದ್ದರು. ಸೇತುವೆ ನೋಡಿದ್ದು ಕಾರಿನ ಕಿಟಕಿಯಲ್ಲಿ. ತಿಂದದ್ದು ಶ್ರೀಲಂಕಾದ ಊಟ.

ಹೋದದ್ದು ತಂಗಿ ಶೈಲಾಳ ಬಾಣಂತನಕ್ಕೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರೆಲ್ಲ ಒಂದೇ ಸಲ ಕೆಟ್ಟು ಕೂರುತ್ತವೆ ಎಂದು ಜಗತ್ತೇ ಹೆದರಿಕೊಂಡಿದ್ದ ಕಾಲ. ಶೈಲಾ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳಿಗೆ ಆರು ತುಂಬುವಾಗ ಅಮ್ಮ ಹೋದಳು. ಜಡೆ ಹಾಕಿದ್ದು, ಮಗ್ಗಿ ಕಲಿಸಿದ್ದು, ಮದುವೆಯಲ್ಲಿ ಮುಂದೆ ನಿಂತದ್ದು ಎಲ್ಲ ನಾನೇ. ಹಾಗಾಗಿ ಬಾಣಂತನಕ್ಕೆ ಬೇರೆ ಯಾರನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಸಂಬಳವಿಲ್ಲದ ರಜೆ ಹಾಕಿ, ಲೇಹ್ಯ, ಅಂಟಿನುಂಡೆ, ಒಣಶುಂಠಿ, ಓಮ, ಹರಳೆಣ್ಣೆ, ಹೊಟ್ಟೆ ಕಟ್ಟಲು ಹಳೆಯ ಹತ್ತಿ ಸೀರೆ ಎಲ್ಲ ಕಟ್ಟಿಕೊಂಡು ಹೊರಟೆ. ಏರ್‌ಪೋರ್ಟಿನಲ್ಲಿ ಒಬ್ಬ ಆಫೀಸರು ಲೇಹ್ಯದ ಮುಚ್ಚಳ ತೆಗೆದು ಮೂಸಿದ. ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿದ. ನಾನು ಕ್ಲಾಸಿನಲ್ಲಿ ನೋಡುವ ಹಾಗೆ ನೋಡಿದೆ. ಮುಚ್ಚಿ ವಾಪಸ್ಸು ಕೊಟ್ಟರು.

ನನಗೆ ಗೊತ್ತಿದ್ದ ಬಾಣಂತನವೆಂದರೆ ಅಜ್ಜಿಯ ಬಾಣಂತನ. ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ, ಕಿವಿಗೆ ಹತ್ತಿ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪ. ಕಾಯಿ ಕೂಡದು, ಹುಳಿ ಕೂಡದು, ಹಸಿಮೆಣಸಿನಕಾಯಿ ಕೂಡದು, ತಣ್ಣೀರಿನ ಹೆಸರೆತ್ತಕೂಡದು. ಶೈಲಾ ಹುಟ್ಟಿದಾಗ ಅಮ್ಮ ಆ ಕೋಣೆಯಲ್ಲಿ ಮಲಗಿ, ನನ್ನನ್ನು ಹತ್ತಿರ ಕರೆದು, "ಒಂದೇ ಒಂದು ಚೂರು ಮಾವಿನಕಾಯಿ ತಂದ್ಕೊಡೇ, ಯಾರಿಗೂ ಹೇಳ್ಬೇಡ" ಎಂದಿದ್ದಳು. ನಾನು ಸೀದಾ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಜಾಣೆ ಎಂದು ತಲೆ ಸವರಿ ಅಂಟಿನುಂಡೆ ಕೊಟ್ಟಳು. ಅದನ್ನು ಅಮ್ಮನ ಎದುರಿಗೇ ಕೂತು ತಿಂದೆ. ಇಂಥವಳು ನಾನು, ಮೊದಲೇ ಹೇಳಿಬಿಡುತ್ತೇನೆ.

ಶೈಲಾ ಇದ್ದದ್ದು ಪ್ಲೆಸೆಂಟನ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಗಂಡ ರಮೇಶನ ಕಂಪನಿಯ ಕೆಲಸ ಏನು ಗೊತ್ತೇ? ಯಾರ ಹುಟ್ಟುಹಬ್ಬ ಯಾವತ್ತು ಎಂದು ಇಂಟರ್ನೆಟ್ಟಿನಲ್ಲಿ ನೆನಪಿಸುವುದು, ಅದೂ ಪುಕ್ಕಟೆ. ಅದಕ್ಕೊಂದು ಗಾಜಿನ ಕಟ್ಟಡ, ಒಳಗೆ ಪಿಂಗ್‌ಪಾಂಗ್ ಮೇಜು. "ಅಕ್ಕ, ಇನ್ನು ಎರಡು ವರ್ಷದಲ್ಲಿ ನೋಡ್ತಿರಿ" ಎನ್ನುತ್ತಿದ್ದ. ಊರವರ ಹುಟ್ಟುಹಬ್ಬವನ್ನೆಲ್ಲ ನೆನಪಿಡುವ ಈ ಮನುಷ್ಯ ದಿನಾ ಸಂಜೆ ಬೆಳ್ಳುಳ್ಳಿ ತರುವುದನ್ನು ಮರೆತು ಬರುತ್ತಿದ್ದ.

ನಾನು ಬಂದು ನಾಲ್ಕನೆಯ ದಿನ ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟೆ. ಚಾವಣಿಯಲ್ಲಿದ್ದ ಬಿಳಿ ಡಬ್ಬಿಯೊಂದು ಕಿವಿ ಹರಿಯುವ ಹಾಗೆ ಕೂಗಿಕೊಳ್ಳತೊಡಗಿತು. ಮಗು ಕಿರುಚಿತು, ಶೈಲಾ ಅಳತೊಡಗಿದಳು, ನಾನು ಕೆಂಡದ ತಟ್ಟೆ ಹಿಡಿದುಕೊಂಡು ಸುತ್ತ ತಿರುಗುತ್ತಿದ್ದೆ. ಆಗ ಬಾಗಿಲು ತಳ್ಳಿಕೊಂಡು ಒಬ್ಬಳು ಬಂದಳು. ಕುಳ್ಳಗೆ, ಕಪ್ಪಗೆ, ಗುಂಗುರು ಕೂದಲು, ಕೈಯಲ್ಲಿ ಟವೆಲು. ಏನೂ ಕೇಳದೆ ಕುರ್ಚಿ ಹತ್ತಿ ಟವೆಲಿನಿಂದ ಆ ಡಬ್ಬಿಗೆ ಗಾಳಿ ಬೀಸಿದಳು. ಹೊಗೆ ಸರಿದ ಮೇಲೆ ಅದು ಬಾಯಿ ಮುಚ್ಚಿತು. ಇವಳೇ ಕುಸುಮಾ, ಮೇಲ್ಗಡೆ ಮನೆಯವಳು, ಶ್ರೀಲಂಕಾದ ಗಾಲೆ ಊರಿನವಳು. ಗಂಡ ಹತ್ತಿರದ ಹೇವರ್ಡಿನ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದ. ನಾಲ್ಕು ವರ್ಷದ ಮಗಳು ಅವಳ ಲಂಗ ಹಿಡಿದೇ ಓಡಾಡುತ್ತಿತ್ತು.

ಕುರ್ಚಿಯಿಂದ ಇಳಿದವಳು ಶೈಲಾಳ ಹೊಟ್ಟೆಗೆ ಕಟ್ಟಿದ್ದ ಸೀರೆ, ಕಿವಿಯ ಹತ್ತಿ, ನನ್ನ ಕೈಯ ಕೆಂಡ ಎಲ್ಲವನ್ನೂ ನೋಡುತ್ತ ನಿಂತಳು. "ನೀವು ಅಕ್ಕನಾ?" ಎಂದು ಕೇಳಿದಳು. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ ಅಂತೆ. ಆ ಕ್ಷಣದಿಂದಲೇ ನನ್ನನ್ನು ಅಕ್ಕಾ ಎಂದು ಕರೆಯತೊಡಗಿದಳು. ಪರಿಚಯವಾಗಿ ಐದು ನಿಮಿಷ ಆಗಿಲ್ಲ, ಇದೆಂಥ ಸಲಿಗೆ ಎಂದು ನನಗೆ ಉರಿದುಹೋಯಿತು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ, ನನ್ನದು ಹಾಸನದ ಇಂಗ್ಲಿಷು, ಅವಳದು ಗಾಲೆಯದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾರನೆಯ ದಿನ ಒಂದು ಡಬ್ಬಿ ಬಂತು. ತೆಗೆದು ನೋಡಿದರೆ ಅನ್ನವನ್ನು ಗಟ್ಟಿ ತೆಂಗಿನಹಾಲಿನಲ್ಲಿ ಬೇಯಿಸಿ, ತಟ್ಟಿ, ಬರ್ಫಿಯ ಹಾಗೆ ಕತ್ತರಿಸಿದ್ದಾರೆ. ಕಿರಿಬತ್ ಎನ್ನುತ್ತಾರಂತೆ. ಪಕ್ಕದಲ್ಲಿ ಕೆಂಪಗೆ ಬೆಂಕಿಯಂಥ ಕಾಯಿಚಟ್ನಿ, ಅವರ ಬಾಯಲ್ಲಿ ಸಂಬೋಲ, ಅದರ ಮೇಲೆ ನಿಂಬೆರಸ. ಬಾಣಂತಿಗೆ ತೆಂಗಿನಹಾಲು, ಬಾಣಂತಿಗೆ ನಿಂಬೆಹುಳಿ, ಬಾಣಂತಿಗೆ ಮೆಣಸಿನಕಾಯಿ. ಕೊಲ್ಲಬೇಕೆಂದೇ ಕಳಿಸಿದ್ದರೂ ಇಷ್ಟು ಸರಿಯಾಗಿ ಆರಿಸಲು ಆಗುತ್ತಿರಲಿಲ್ಲ. ಸಾಲದ್ದಕ್ಕೆ ಲಂಕೆಯವರು ಚಟ್ನಿಗೂ ಒಣಮೀನಿನ ಪುಡಿ ಹಾಕುತ್ತಾರೆ ಎಂದು ಎಲ್ಲೋ ಕೇಳಿದ್ದೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸಿಲು ದಾಟಿದ್ದಿಲ್ಲ.

ಸಿಂಕಿನ ಬಾಯಿಗೆ ಸುರಿದೆ. ಅಲ್ಲಿ ಸಿಂಕಿನೊಳಗೆ ಒಂದು ಅರೆಯುವ ಮೆಷಿನ್ನು ಇರುತ್ತದೆ, ಸ್ವಿಚ್ಚು ಒತ್ತಿದರೆ ಗರಗರ ಎಂದು ಎಲ್ಲವನ್ನೂ ನುಂಗುತ್ತದೆ. ಡಬ್ಬಿ ತೊಳೆದೆ. ಆಮೇಲೆ ನಿಂತೆ. ಬೇರೆಯವರ ಡಬ್ಬಿಯನ್ನು ಖಾಲಿ ಕೊಡುವುದುಂಟೇ? ನಮ್ಮ ಮನೆಯಲ್ಲಿ ಅಂಥ ಸಂಸ್ಕಾರ ಕಲಿಸಿಲ್ಲ. ಎರಡು ಚಮಚ ಸಕ್ಕರೆ ಹಾಕಿ, ಮುಚ್ಚಳ ಒರೆಸಿ, ಮೇಲೆ ಹೋಗಿ ಕೊಟ್ಟುಬಂದೆ. ಅವಳು ಸಕ್ಕರೆ ನೋಡಿ ಮುಖ ಅರಳಿಸಿದಳು. ಇವರಿಗೆ ನನ್ನ ಅಡುಗೆ ಅಷ್ಟು ಹಿಡಿಸಿತು ಎಂದುಕೊಂಡಳು. ಮರುದಿನ ಇನ್ನೂ ದೊಡ್ಡ ಡಬ್ಬಿ ಬಂತು.

ಹೀಗೆ ಶುರುವಾಯಿತು ನೋಡಿ ಕಾಟ. ಅವಳು ಕಳಿಸುವುದು, ನಾನು ಸುರಿಯುವುದು, ಸಕ್ಕರೆ ಹಾಕಿ ವಾಪಸ್ಸು ಮಾಡುವುದು. ಒಂದು ದಿನ ನಡುವೆ ಮೆತ್ತಗಿದ್ದು ಅಂಚು ಗರಿಯಾದ ದೋಸೆಯಂಥದ್ದು, ಒಂದು ದಿನ ಎಳೆ ಹಲಸಿನಕಾಯಿಯ ಪಲ್ಯ, ಒಂದು ದಿನ ಹಳದಿ ಸಾರು. ಪರಿಮಳ ಬರುತ್ತಿರಲಿಲ್ಲ ಎಂದರೆ ಸುಳ್ಳು. ಸುರಿಯುವಾಗ ಮೂಗು ಬೇರೆ ಕಡೆ ತಿರುಗಿಸುತ್ತಿದ್ದೆ. ಸಾಕು ಎಂದು ಹೇಳಲು ಬಾಯಿಲ್ಲವೇ ಎಂದು ನೀವು ಕೇಳಬಹುದು. ಕೊಟ್ಟದ್ದನ್ನು ಬೇಡ ಎನ್ನುವುದು ಅವಮರ್ಯಾದೆ ಎಂದು ನನಗೆ ಆಗ ಅನ್ನಿಸಿತ್ತು. ಗರಗರ ಅರೆಯುವುದು ಮರ್ಯಾದೆಯಂತೆ.

ಇತ್ತ ನನ್ನ ಬಾಣಂತಿ ಊಟವನ್ನೇ ಬಿಟ್ಟಿದ್ದಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಗೋಡೆ ಕಡೆ ತಿರುಗುತ್ತಿದ್ದಳು. ಕಾರಣವಿಲ್ಲದೆ ಅಳುವಳು. ಹಾಲು ಸಾಲದೆ ಮಗು ಒಂದೇ ಸಮ ಅರಚುತ್ತಿತ್ತು. ಕ್ಲಿನಿಕ್ಕಿನ ನರ್ಸು ತೂಕ ನೋಡಿ, ಇನ್ನೊಂದು ವಾರ ನೋಡೋಣ, ಏರದಿದ್ದರೆ ಪುಡಿಹಾಲು ಕೊಡಿ ಎಂದಳು. ರಮೇಶ ಅವತ್ತೇ ಒಂದು ಟಿನ್ನು ತಂದು ಮೇಜಿನ ಮೇಲಿಟ್ಟ. ಬೆಳ್ಳುಳ್ಳಿ ಮರೆಯುವವನಿಗೆ ಇದು ಮಾತ್ರ ನೆನಪಿತ್ತು. ಆ ಟಿನ್ನನ್ನು ನೋಡಿದಾಗಲೆಲ್ಲ, ಅಮ್ಮ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಶೈಲಾ ಅಂದುಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು. ಇವಳ ಮೈ ಸರಿಮಾಡಲು ಆಗದಿದ್ದರೆ ನಾನು ಏಳು ಸಮುದ್ರ ದಾಟಿ ಬಂದದ್ದಾದರೂ ಯಾಕೆ? ಸಾರಿಗೆ ಇನ್ನಷ್ಟು ಮೆಣಸು ಹಾಕಿದೆ. ಅವಳು ಇನ್ನೂ ಒಂದು ತುತ್ತು ಕಡಿಮೆ ತಿಂದಳು.

ಒಂದು ಶನಿವಾರ ಓಮ ಮುಗಿಯಿತೆಂದು ರಮೇಶ ನನ್ನನ್ನು ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೊರಟ. ಫ್ರೀವೇಯಲ್ಲಿ ಅರ್ಧ ದಾರಿ ಹೋಗಿರಲಿಲ್ಲ, ಅವನ ಸೊಂಟದ ಪೇಜರು ಕೂಗಿತು. ಆಫೀಸಿನಲ್ಲಿ ಯಾವುದೋ ಸರ್ವರು ಬಿದ್ದುಹೋಗಿದೆಯಂತೆ, ಯಾರ ಹುಟ್ಟುಹಬ್ಬವೂ ಯಾರಿಗೂ ನೆನಪಾಗುತ್ತಿಲ್ಲವಂತೆ. ಕಾರು ತಿರುಗಿಸಿ ನನ್ನನ್ನು ಮನೆ ಮುಂದೆ ಇಳಿಸಿ ಹೋದ.

ಒಳಗೆ ಬಂದರೆ, ಮೂರು ವಾರದಿಂದ ಹಾಸಿಗೆಯಿಂದ ಏಳಲು ನರಳುತ್ತಿದ್ದ ನನ್ನ ತಂಗಿ ಅಡುಗೆಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾಳೆ. ಮುಂದೆ ತಟ್ಟೆ, ತಟ್ಟೆ ತುಂಬ ಶಾವಿಗೆ, ಅದರ ಮೇಲೆ ಹಳದಿ ತೆಂಗಿನಹಾಲು. ಕೈ ಮಣಿಕಟ್ಟಿನವರೆಗೆ ಒದ್ದೆ. ಕುಸುಮಾ ಪಕ್ಕದಲ್ಲಿ ನಿಂತು ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಾಳೆ. ಮಗು ಸದ್ದಿಲ್ಲದೆ ನಿದ್ದೆ ಮಾಡುತ್ತಿದೆ.

"ಏನೇ ಇದು?" ಎಂದೆ.

"ಊಟ" ಎಂದಳು ಶೈಲಾ, ಬಾಯಲ್ಲಿ ತುತ್ತು ಇಟ್ಟುಕೊಂಡೇ.

"ನಾನು ಬಡ್ಕೊಂಡು ಬೇಯಿಸಿ ಹಾಕಿದ್ದು ಸೇರಲ್ಲ, ಕಂಡೋರ ಮನೆ ಕಾಯಿಹಾಲು ಸೇರತ್ತೆ. ನಾಳೆ ಮಗೂಗೆ ಶೀತ ಆದ್ರೆ, ನಿಂಗೆ ನಂಜಾದ್ರೆ, ಯಾರಿಗೇ ಕೆಟ್ಟ ಹೆಸರು?" ಎಂದು ಶುರುಮಾಡಿದವಳು ಕುಸುಮಾ ಕಡೆ ತಿರುಗಿ ಇಂಗ್ಲಿಷಿನಲ್ಲೂ ಮುಂದುವರಿಸಿದೆ. ಬಾಣಂತಿಗೆ ಏನು ಕೊಡಬೇಕು ಅಂತ ಗೊತ್ತಿಲ್ಲದವರು ಕೈ ಹಾಕಬಾರದು ಎಂದೆ. ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ತನ್ನ ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ಶೈಲಾ ತಟ್ಟೆ ಪಕ್ಕಕ್ಕಿಟ್ಟಳು. "ಅಕ್ಕ, ನೀನು ದಿನಾ ಸಿಂಕಿಗೆ ಸುರೀತಿದ್ದಿದ್ದು ನಂಗೊತ್ತು. ಆ ಮೆಷಿನ್ ಸೌಂಡು ಬೆಡ್‌ರೂಮಿಗೆ ಕೇಳತ್ತೆ."

ನಾನು ಸಿಂಕಿನ ಕಡೆ ನೋಡಿದೆ.

"ಅವಳಿಗೆ ಹೇಳಿಲ್ಲ. ನೀನೇ ಬಾಚ್ಕೊಂಡು ತಿಂದೆ ಅಂತ ಹೇಳಿದೀನಿ. ಅದಕ್ಕೇ ನೀನು ವಾಕಿಂಗ್ ಹೋದಾಗ ನಂಗೆ ಅಂತ ಬೇರೆ ತರ್ತಾಳೆ. ನಾಲ್ಕು ದಿನದಿಂದ ಅದನ್ನೇ ತಿಂತಿರೋದು. ಮಗು ಎರಡು ದಿನದಿಂದ ಅತ್ತಿಲ್ಲ, ನೋಡಿದ್ಯಾ ನೀನು?"

ನೋಡಿದ್ದೆ. ನನ್ನ ಮೆಣಸಿನ ಸಾರಿನ ಪ್ರಭಾವ ಎಂದುಕೊಂಡಿದ್ದೆ.

ಎರಡು ದಿನ ಡಬ್ಬಿ ಬರಲಿಲ್ಲ. ಶೈಲಾ ನನ್ನ ಜೊತೆ ಮಾತು ಬಿಟ್ಟಳು, ಊಟ ಮತ್ತೆ ಎರಡು ತುತ್ತಿಗೆ ಬಂತು. ಮೂರನೆಯ ದಿನ ಮಧ್ಯಾಹ್ನ ಮಗು ಮತ್ತೆ ಅರಚಿದಾಗ ನಾನು ಮೆಟ್ಟಿಲು ಹತ್ತಿದೆ. ಯಾಕೆ ಹೋದೆ ಎಂದರೆ, ಜಗಳ ಮುಗಿಸಲು. ಅವಳು ಡಬ್ಬಿ ಕಳಿಸದೇ ಇರುವುದೂ ಒಂದು ಉದ್ಧಟತನ ಅಂತ ನನ್ನ ಲೆಕ್ಕ. ಕುಸುಮಾ ಬಾಗಿಲು ತೆಗೆದು, "ಬನ್ನಿ ಅಕ್ಕಾ" ಎಂದು ಊಟದ ಮೇಜಿಗೆ ಕೂರಿಸಿದಳು. ನಾನು ಬಾಯಿ ತೆಗೆಯುವ ಮೊದಲೇ ತಟ್ಟೆ ಬಂತು. ತಪ್ಪು ಹುಡುಕಬೇಕೆಂದರೆ ತಿನ್ನಲೇಬೇಕಲ್ಲ, ತಿಂದೆ.

ನಾವು ಹಿಟ್ಟಿನ ಉಂಡೆ ಬೇಯಿಸಿಕೊಂಡು ಆಮೇಲೆ ಶಾವಿಗೆ ಒತ್ತುತ್ತೇವೆ. ಒರಳಿನ ಹಿಡಿಗೆ ಇಬ್ಬರು ಜೋತುಬಿದ್ದರೂ ಇಳಿಯದು, ಚಿಕ್ಕವಳಾಗಿದ್ದಾಗ ನಾನೂ ಜೋತುಬಿದ್ದು ಅಂಗೈ ಬೊಬ್ಬೆ ಬರಿಸಿಕೊಂಡಿದ್ದೇನೆ. ಇವರು ಹಸಿಹಿಟ್ಟನ್ನೇ ಪುಟ್ಟ ಪುಟ್ಟ ಚಾಪೆಗಳ ಮೇಲೆ ಒತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಈಗ ನಮ್ಮ ಮನೆಯಲ್ಲಿರುವುದು ಅವುಗಳಲ್ಲೇ ಒಂದು, ಕುಸುಮಾ ಕೊಟ್ಟದ್ದು. ಮಾಡುವ ಕ್ರಮವೇ ತಿರುವುಮುರುವು ಎಂದುಕೊಂಡು ಬಾಯಿಗಿಟ್ಟೆ. ಬಟ್ಟೆಯಷ್ಟು ಹಗುರಾಗಿತ್ತು. ಕಾಯಿಚಟ್ನಿ ಮೂಗಿನಲ್ಲಿ ನೀರು ತರಿಸಿತು. ಒಂದೆಲಗದ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿ ಹಾಕಿ ಕಲಸಿದ್ದಳು. ಬಾಲ್ಕನಿಯ ಕುಂಡದಲ್ಲಿ ಬೆಳೆದದ್ದಂತೆ. ನಮ್ಮ ಅಜ್ಜಿ ತಂಬುಳಿ ಮಾಡುತ್ತಿದ್ದ ಸೊಪ್ಪು ಇವಳ ಕೈಗೆ ಹೇಗೆ ಬಂತು ಎಂದು ಅದಕ್ಕೂ ಒಂದಿಷ್ಟು ಸಿಟ್ಟು ಬಂತು. ಕೊನೆಗೆ ಇಡೀ ಇಡೀ ಬೆಳ್ಳುಳ್ಳಿ ಎಸಳಿನ ಒಂದು ಗೊಜ್ಜು. ಮೆಂತ್ಯ, ಮೆಣಸು, ಅರಿಶಿನ, ತೆಂಗಿನಹಾಲು. ತಪ್ಪು ಸಿಗಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡೆ, ಸರಿಯಾಗಿ ಪರೀಕ್ಷಿಸಲು.

"ಚಟ್ನಿಗೆ ಮೀನು ಹಾಕಿಲ್ಲ ಅಕ್ಕಾ. ನಿಮಗೆ ಕಳಿಸಿದ್ದು ಯಾವುದಕ್ಕೂ ಹಾಕಿಲ್ಲ. ಪಾತ್ರೆ ಕೂಡ ಹೊಸದು ತಂದೆ" ಎಂದಳು ನಿಂತುಕೊಂಡೇ. "ನಮ್ಮಮ್ಮ ನೋಡಿದ್ದರೆ ಇದು ಸಂಬೋಲವೇ ಅಲ್ಲ ಎನ್ನುತ್ತಿದ್ದಳು."

"ಈ ಬೆಳ್ಳುಳ್ಳಿದು?"

"ಇದು ಹೆತ್ತವರಿಗೆ ಕೊಡೋದು. ನಮ್ಮ ಕಡೆ ಹಾಲು ಬರಲಿ ಅಂತ ಮೊದಲು ಕೊಡೋದೇ ಇದು."

ಗೊತ್ತಿಲ್ಲದವರು ಕೈ ಹಾಕಬಾರದು ಎಂದು ಇವಳಿಗೆ ಹೇಳಿದ್ದೆ. "ನಿನ್ನ ಬಾಣಂತನದಲ್ಲಿ ಅಮ್ಮ ಮಾಡಿಕೊಟ್ಟಳಾ?" ಎಂದು ಕೇಳಿದೆ.

"ಅಮ್ಮನಿಗೆ ವೀಸಾ ಸಿಗಲಿಲ್ಲ. ಫೋನಿನಲ್ಲಿ ಹೇಳಿದಳು. ಮೆಂತ್ಯ ಹಾಕು ಅನ್ನುವಷ್ಟರಲ್ಲಿ ಫೋನ್ ಕಾರ್ಡು ಮುಗಿದುಹೋಯಿತು. ಇವರಿಗೆ ಆಗ ಹೊಸ ಕೆಲಸ, ರಜೆ ಇಲ್ಲ. ನಾನೇ ಮಾಡಿಕೊಂಡೆ. ಐದನೇ ದಿನ ನಿಂತು ಶಾವಿಗೆ ಒತ್ತಿದೆ. ಹೊಲಿಗೆ ಬಿಟ್ಟಿತು." ಯಾರದೋ ಮನೆಯ ವಿಷಯ ಹೇಳುವ ಹಾಗೆ ಹೇಳುತ್ತಿದ್ದಳು. "ಮತ್ತೆ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡು ಬಂದೆ. ಬಂದಾಗ ಒತ್ತಿಟ್ಟಿದ್ದ ಶಾವಿಗೆ ಎಲ್ಲ ಹಳಸಿತ್ತು."

ನಾನು ಅವಳ ಮುಖ ನೋಡಲಿಲ್ಲ.

"ಅವತ್ತು ನೀವು ಕೆಂಡ ಹಿಡಿದುಕೊಂಡು ಓಡಾಡುತ್ತಿದ್ದಿರಲ್ಲ, ನನಗೆ ಶೈಲಾ ಮೇಲೆ ಹೊಟ್ಟೆಕಿಚ್ಚಾಯಿತು ಅಕ್ಕಾ. ಆ ಮನೆಗೆ ದಿನಾ ಬರಬೇಕು ಅನ್ನಿಸಿತು. ಸುಮ್ಮನೆ ಹೇಗೆ ಬರೋದು? ಅದಕ್ಕೆ ಅಡುಗೆ ಮಾಡಿದೆ. ನೀವು ಡಬ್ಬಿ ಖಾಲಿ ಕಳಿಸಲಿಲ್ಲ. ನಮ್ಮಮ್ಮನೂ ಹಾಗೇ, ಖಾಲಿ ಕಳಿಸುವುದಿಲ್ಲ."

ಸಿಂಕಿನ ವಿಷಯ ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಕೈತೊಳೆದು ಕೆಳಗೆ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ವೀಸಾ ಕೊಡದವರ ಮೇಲೆ ಸಿಟ್ಟು, ರಜೆ ಕೊಡದವರ ಮೇಲೆ ಸಿಟ್ಟು, ಆ ಮುಗಿದುಹೋದ ಕಾರ್ಡಿನ ಮೇಲೆ ಸಿಟ್ಟು. ಹುಟ್ಟುಹಬ್ಬ ನೆನಪಿಸಲು ಕಟ್ಟಡಗಟ್ಟಲೆ ಜನ ಇದ್ದ ಊರಿನಲ್ಲಿ ಹೆತ್ತ ಹೆಂಗಸಿಗೆ ಒಂದು ಹಿಡಿ ಅನ್ನ ಬೇಯಿಸಿ ಹಾಕಲು ಒಬ್ಬರೂ ಇರಲಿಲ್ಲವೇ? ಎಲ್ಲರ ಮೇಲೂ ಸಿಟ್ಟು ಮಾಡಿಯಾದ ಮೇಲೆ ಉಳಿದವಳು ನಾನೊಬ್ಬಳೇ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಅಡುಗೆಗೆ ನಿಂತೆ. ಮೆತ್ತಗೆ ಅನ್ನ, ತುಪ್ಪ, ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು. ಸಾರು ಇಳಿಸುವ ಮೊದಲು ಒಂದು ಲೋಟ ತೆಂಗಿನಹಾಲು ಹಾಕಿದೆ. ಅಜ್ಜಿ ಎಲ್ಲಿದ್ದರೂ ಬೈದುಕೊಳ್ಳಲಿ. ನಡುಮನೆಯಲ್ಲಿ ಬೆಡ್‌ಶೀಟು ಹಾಸಿ ಎರಡು ತಟ್ಟೆ ಇಟ್ಟು ಮೇಲೆ ಹೋಗಿ ಕುಸುಮಾಳನ್ನು ಕರೆದೆ. ಅವಳು ಬಂದು ಶೈಲಾಳ ಪಕ್ಕದ ತಟ್ಟೆ ನೋಡಿ, "ನೀವು ಕೂತುಕೊಳ್ಳಿ ಅಕ್ಕಾ, ನಾನು ಬಡಿಸುತ್ತೇನೆ" ಎಂದಳು.

"ಅದು ನಿನ್ನ ತಟ್ಟೆ."

"ನಾನು ಬಾಣಂತಿ ಅಲ್ಲ. ನನ್ನ ಮಗಳಿಗೆ ನಾಲ್ಕು ವರ್ಷ."

"ಕೇಳಿದೆನಾ ನಾನು? ಕೂತ್ಕೋ."

ಇಪ್ಪತ್ತು ವರ್ಷ ಮಕ್ಕಳನ್ನು ಕೂರಿಸಿದ ದನಿ, ಅದು ಯಾವ ದೇಶದಲ್ಲೂ ಕೆಲಸ ಮಾಡುತ್ತದೆ. ಕೂತಳು. ಶೈಲಾ ಸಾರು ಬಾಯಿಗಿಟ್ಟು, "ಅಕ್ಕ, ಇವತ್ತು ಏನು ಹಾಕಿದೀಯಾ ಇದಕ್ಕೆ?" ಎಂದು ನನ್ನ ಕಡೆ ನೋಡಿದಳು. "ಬಾಯಿ ಮುಚ್ಕೊಂಡು ತಿನ್ನು" ಎಂದೆ. ಮೂರು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಕುಸುಮಾ ನಾಲ್ಕು ತುತ್ತು ತಿಂದವಳು ಎದ್ದಳು, ಶೈಲಾಗೆ ನೀರು ಬೇಕಂತೆ. ನಾನು ತಂದುಕೊಟ್ಟೆ. ಮತ್ತೆ ಎದ್ದಳು, ಮಗಳು ಎಲ್ಲೋ ಏನೋ ಚೆಲ್ಲಿತಂತೆ. ನಾನು ಹೋಗಿ ಒರೆಸಿ ಬಂದೆ. ಮೂರನೆಯ ಸಲ ಯಾಕೆ ಏಳಹೊರಟಳೋ ಅವಳಿಗೇ ಗೊತ್ತಿರಲಿಲ್ಲ, ಒಲೆಯ ಕಡೆ ನೋಡುತ್ತಿದ್ದಳು. ಭುಜದ ಮೇಲೆ ಕೈಯಿಟ್ಟು ಒತ್ತಿದೆ. "ಊಟದ ಮಧ್ಯೆ ಬಾಣಂತಿ ಏಳಬಾರದು" ಎಂದೆ, ಕನ್ನಡದಲ್ಲೇ. ಅರ್ಥವಾಯಿತೋ ಇಲ್ಲವೋ, ಮತ್ತೆ ಏಳಲಿಲ್ಲ. ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದಳು, ಹಾಕಿದಷ್ಟೂ ತಿಂದಳು. ಅವಳು ಮುಗಿಸುವವರೆಗೆ ನಾನು ನಿಂತೇ ಇದ್ದೆ.